ಹಳೆಯ ಎಂಜಿನ್‌ಗೆ ಸ್ಪಿನ್-ಆನ್ ಆಯಿಲ್ ಫಿಲ್ಟರ್: ಡಬ್ಬಿ ಬದಲಾಯಿಸಿದರಷ್ಟೇ ಸಾಲದು

ಹಳೆಯ ಕಾರಿನ ಆಯಿಲ್ ಬದಲಾಯಿಸುವವರಿಗೆ ತುಂಬಾ ಬೇಸರ ತರಿಸುವ ಭಾಗ ಫಿಲ್ಟರ್. ಲೋಹದ ಒಂದು ಬೌಲ್. ಅದರ ನಟ್ಟನಡುವೆ ಹಾದುಹೋಗುವ ಉದ್ದನೆಯ ಬೋಲ್ಟ್. ಒಳಗೆ ಕಾಗದದ ಎಲಿಮೆಂಟ್, ಅದರ ಕೆಳಗೆ ಸ್ಪ್ರಿಂಗ್, ವಾಷರ್, ಒಂದು ಫೆಲ್ಟ್ ತುಂಡು. ಬೋಲ್ಟ್ ಸಡಿಲವಾದ ಕೂಡಲೇ ಬೌಲಿನಲ್ಲಿದ್ದ ಕಪ್ಪು ಆಯಿಲ್ ಮೊಣಕೈವರೆಗೂ ಇಳಿಯುತ್ತದೆ. ಆಮೇಲೆ ಬೌಲಿನ ಬಾಯಿ ಕೂರುವ ತೋಡಿನಿಂದ ಹಳೆಯ ರಬ್ಬರ್ ರಿಂಗನ್ನು ಸೂಜಿಯಿಂದ ಕಿತ್ತು ತೆಗೆಯಬೇಕು. ಅದು ಬಿಸಿಗೆ ಗಟ್ಟಿಯಾಗಿ, ಲೋಹದಂತೆಯೇ ಕಪ್ಪಾಗಿ ಕೂತಿರುತ್ತದೆ. ಕಣ್ಣಿಗೆ ಬೀಳದೆ ಅದರ ಮೇಲೆಯೇ ಹೊಸ ರಿಂಗ್ ಕೂರಿಸಿದರೆ ಎಂಜಿನ್ ಶುರುವಾದ ಸ್ವಲ್ಪ ಹೊತ್ತಿನಲ್ಲೇ ಆಯಿಲ್ ಹೊರಗೆ ಹಾರುತ್ತದೆ.

ಮಾರಿಸ್ ಮೈನರ್, ಮೊದಲ ವರ್ಷಗಳ ಮಿನಿ ಮತ್ತು ಎಂಜಿಬಿ, ಜಾಗ್ವಾರ್‌ನ ಎಕ್ಸ್‌ಕೆ ಎಂಜಿನ್, ಹಳೆಯ ಲ್ಯಾಂಡ್ ರೋವರ್ ಎಲ್ಲದರಲ್ಲೂ ಇರುವುದು ಇದೇ ಬೌಲ್ ವ್ಯವಸ್ಥೆ. ಹಾಗಾಗಿ ಇವುಗಳ ಮಾಲೀಕರು ಒಂದಲ್ಲ ಒಂದು ದಿನ ಸ್ಪಿನ್-ಆನ್ ಫಿಲ್ಟರ್ ಕಡೆ ನೋಡುತ್ತಾರೆ. ಕೈಯಲ್ಲಿ ತಿರುಗಿಸಿ ಬಿಚ್ಚಿ, ಎಸೆದು, ಹೊಸದನ್ನು ತಿರುಗಿಸಿ ಹಾಕಿದರೆ ಕೆಲಸ ಮುಗಿಯಿತು. ಇದಕ್ಕೆ ಬೇಕಾದ ಅಡಾಪ್ಟರ್‌ಗಳು ಸಿದ್ಧವಾಗಿಯೇ ಸಿಗುತ್ತವೆ.

ಈ ಬದಲಾವಣೆ ಮಾಡುವವರು ಸಾಮಾನ್ಯವಾಗಿ ಕೇಳುವ ಪ್ರಶ್ನೆ ಒಂದೇ: ನನ್ನ ಎಂಜಿನ್‌ಗೆ ಯಾವ ಫಿಲ್ಟರ್ ಕೂರುತ್ತದೆ? ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ ಇದೆ. ಹಳೆಯ ಬೌಲ್ ಯಾವ ಯಾವ ಕೆಲಸ ಮಾಡುತ್ತಿತ್ತು? ಇನ್ನು ಮುಂದೆ ಆ ಕೆಲಸಗಳನ್ನು ಯಾರು ಮಾಡುತ್ತಾರೆ? ಇದಕ್ಕೆ ಉತ್ತರ ಗೊತ್ತಿದ್ದರೆ ಉಳಿದದ್ದೆಲ್ಲ ಸ್ಪ್ಯಾನರ್ ಕೆಲಸ. ಗೊತ್ತಿಲ್ಲದೆ ಹಾಕಿದರೆ, ಹೊರಗಿನಿಂದ ಚೊಕ್ಕಟವಾಗಿ ಕಾಣುವ ಫಿಲ್ಟರ್ ಒಳಗೊಳಗೇ ಬೇರಿಂಗ್ ಸವೆಸುತ್ತಿರಬಹುದು.

ಮೂರು ಕೆಲಸ, ಎರಡು ವಾಲ್ವ್

ಆಯಿಲ್ ಹೋಗುವ ದಾರಿ ಹೀಗಿದೆ. ಎಂಜಿನ್‌ನ ಅಡಿಯಲ್ಲಿ ಆಯಿಲ್ ನಿಲ್ಲುವ ತೊಟ್ಟಿ, ಅಂದರೆ ಸಂಪ್‌ನಿಂದ, ಪಂಪ್ ಎಳೆದುಕೊಳ್ಳುತ್ತದೆ. ಪಂಪ್ ದಾಟಿದ ಮೇಲೆ ಒತ್ತಡ ಮಿತಿ ಮೀರದಂತೆ ನೋಡಿಕೊಳ್ಳುವ ಪ್ರೆಷರ್ ರಿಲೀಫ್ ವಾಲ್ವ್ ಇರುತ್ತದೆ. ಅಲ್ಲಿಂದ ಫಿಲ್ಟರ್, ಫಿಲ್ಟರ್‌ನಿಂದ ಮುಖ್ಯ ಗ್ಯಾಲರಿ (ಎಂಜಿನ್ ಬ್ಲಾಕ್‌ನೊಳಗೆ ಕೊರೆದ ಆಯಿಲ್ ದಾರಿ), ಗ್ಯಾಲರಿಯಿಂದ ಕ್ರ್ಯಾಂಕ್‌ಶಾಫ್ಟ್ ಮತ್ತು ಕ್ಯಾಮ್‌ಶಾಫ್ಟ್ ಬೇರಿಂಗ್‌ಗಳಿಗೆ.

ಫಿಲ್ಟರ್‌ನ ಮೊದಲ ಕೆಲಸ ಸೋಸುವುದು. ಸುಕ್ಕುಸುಕ್ಕಾಗಿ ಮಡಚಿದ ಕಾಗದದ ಹೊರಗಿನಿಂದ ಒಳಕ್ಕೆ ಆಯಿಲ್ ಹಾಯುತ್ತದೆ. ಲೋಹದ ಪುಡಿ, ಮಸಿ, ಧೂಳು ಹೊರಗೇ ಉಳಿಯುತ್ತವೆ. ಸಾಮಾನ್ಯ ಫಿಲ್ಟರ್‌ಗಳು ಹಿಡಿಯುವುದು ಸುಮಾರು 20ರಿಂದ 40 ಮೈಕ್ರಾನ್ ಗಾತ್ರದ ಮತ್ತು ಅದಕ್ಕಿಂತ ದೊಡ್ಡ ಕಣಗಳನ್ನು. ಈ ವಿಷಯದಲ್ಲಿ ಬೌಲಿನ ಎಲಿಮೆಂಟ್‌ಗೂ ಸ್ಪಿನ್-ಆನ್‌ಗೂ ಮೂಲ ವ್ಯತ್ಯಾಸವೇ ಇಲ್ಲ. ಸ್ಪಿನ್-ಆನ್ ಡಬ್ಬಿಯನ್ನು ಕತ್ತರಿಸಿ ನೋಡಿದರೆ ಒಳಗೆ ಸಿಗುವುದು ಅಂಥದೇ ಕಾಗದ. "ಸ್ಪಿನ್-ಆನ್ ಹಾಕಿದರೆ ಆಯಿಲ್ ಜಾಸ್ತಿ ಶುದ್ಧವಾಗಿರುತ್ತದೆ" ಅನ್ನುವ ಮಾತು ಹಾಗಾಗಿ ಪೂರ್ತಿ ನಿಜವಲ್ಲ. ಶುದ್ಧತೆ ನಿಂತಿರುವುದು ಕಾಗದದ ಗುಣಮಟ್ಟ ಮತ್ತು ಅಳತೆಯ ಮೇಲೆ. ಆದರೆ ಬೌಲಿನಲ್ಲಿ ಒಂದು ಅಪಾಯ ಇದೆ. ಸ್ಪ್ರಿಂಗ್ ಅಥವಾ ಫೆಲ್ಟ್ ವಾಷರ್ ಕಳೆದುಹೋಗಿದ್ದರೆ ಎಲಿಮೆಂಟ್ ಬಿಗಿಯಾಗಿ ಕೂರುವುದಿಲ್ಲ. ಆಯಿಲ್ ಕಾಗದದೊಳಗೆ ಹಾಯದೆ ಅದರ ಅಂಚಿನಿಂದ ನುಸುಳಿ ಹೋಗುತ್ತದೆ. ಹಳೆಯ ಕಾರುಗಳಲ್ಲಿ ಈ ಸಣ್ಣ ಭಾಗಗಳು ಕೈಯಿಂದ ಕೈಗೆ ದಾಟುವಾಗ ಕಳೆದುಹೋಗಿರುವುದು ಮಾಮೂಲು. ಸ್ಪಿನ್-ಆನ್‌ನಲ್ಲಿ ಎಲ್ಲವೂ ಡಬ್ಬಿಯೊಳಗೇ ಸೀಲ್ ಆಗಿರುವುದರಿಂದ ಈ ತೊಂದರೆ ಇಲ್ಲ.

ಎರಡನೆಯ ಕೆಲಸ ಇನ್ನೂ ಮುಖ್ಯ. ಚಳಿಯಲ್ಲಿ ಆಯಿಲ್ ಗಟ್ಟಿಯಾಗಿರುತ್ತದೆ. ಇಲ್ಲವೇ ಫಿಲ್ಟರ್ ಕೊಳೆಯಿಂದ ಕಟ್ಟಿಕೊಂಡಿರುತ್ತದೆ. ಆಗ ಬೇಕಾದಷ್ಟು ಆಯಿಲ್ ಕಾಗದವನ್ನು ದಾಟಲಾರದು. ಬೇರಿಂಗ್‌ಗೆ ಆಯಿಲ್ಲೇ ಸಿಗದಿರುವುದಕ್ಕಿಂತ ಸೋಸದ ಆಯಿಲ್ ಸಿಗುವುದು ಎಷ್ಟೋ ವಾಸಿ, ಅಲ್ವಾ? ಅದಕ್ಕಾಗಿ ಒಂದು ಬೈಪಾಸ್ ವಾಲ್ವ್ ಇಟ್ಟಿರುತ್ತಾರೆ. ಫಿಲ್ಟರ್‌ಗೆ ಒಳಬರುವ ಒತ್ತಡಕ್ಕೂ ಹೊರಹೋಗುವ ಒತ್ತಡಕ್ಕೂ ಇರುವ ಅಂತರ ಒಂದು ಮಟ್ಟ ದಾಟಿದಾಗ ಅದು ತೆರೆದುಕೊಂಡು ಆಯಿಲನ್ನು ನೇರವಾಗಿ ಗ್ಯಾಲರಿಗೆ ಬಿಡುತ್ತದೆ. ಬಹಳಷ್ಟು ಫಿಲ್ಟರ್‌ಗಳಲ್ಲಿ ಈ ಅಂತರ 8ರಿಂದ 15 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಆಸುಪಾಸಿನಲ್ಲಿರುತ್ತದೆ. ಕೆಲವದರಲ್ಲಿ ಇನ್ನೂ ಹೆಚ್ಚು.

ಇಲ್ಲಿ ಒಂದು ಗೊಂದಲ ಬಿಡಿಸಿಕೊಳ್ಳಬೇಕು. ಪ್ರೆಷರ್ ರಿಲೀಫ್ ವಾಲ್ವ್ ಬೇರೆ, ಬೈಪಾಸ್ ವಾಲ್ವ್ ಬೇರೆ. ಮೊದಲನೆಯದು ಇಡೀ ಎಂಜಿನ್‌ನ ಆಯಿಲ್ ಒತ್ತಡಕ್ಕೆ ಮಿತಿ ಹಾಕುತ್ತದೆ, ಹೆಚ್ಚಾದ ಆಯಿಲನ್ನು ಮತ್ತೆ ಸಂಪ್‌ಗೆ ಕಳಿಸುತ್ತದೆ. ಎರಡನೆಯದು ಫಿಲ್ಟರ್‌ನ ಎರಡು ಬದಿಯ ಅಂತರವನ್ನಷ್ಟೇ ನೋಡುತ್ತದೆ. "ನನ್ನ ಎಂಜಿನ್‌ನಲ್ಲಿ ರಿಲೀಫ್ ವಾಲ್ವ್ ಇದೆ, ಹಾಗಾಗಿ ಫಿಲ್ಟರ್‌ನಲ್ಲಿ ಬೈಪಾಸ್ ಬೇಡ" ಎಂದು ಲೆಕ್ಕ ಹಾಕಿದರೆ ಅದು ತಪ್ಪು ಲೆಕ್ಕ.

ಹಳೆಯ ವ್ಯವಸ್ಥೆಯಲ್ಲಿ ಈ ಬೈಪಾಸ್ ವಾಲ್ವ್ ಎಲ್ಲಿರುತ್ತದೆ? ಹೆಚ್ಚಾಗಿ ಫಿಲ್ಟರ್ ಹೆಡ್‌ನಲ್ಲಿ, ಅಂದರೆ ಬೌಲ್ ಮೇಲೆ ಕೂರುವ ಎರಕದ ತುಂಡಿನಲ್ಲಿ, ಒಂದು ಸ್ಪ್ರಿಂಗ್ ಮತ್ತು ಗುಂಡಿನ ರೂಪದಲ್ಲಿ. ಕೆಲವು ಎಂಜಿನ್‌ಗಳಲ್ಲಿ ನಡುವಿನ ಬೋಲ್ಟ್ ಜೋಡಣೆಯಲ್ಲೇ ಸೇರಿಸಿರುತ್ತಾರೆ, ಇನ್ನು ಕೆಲವದರಲ್ಲಿ ಬ್ಲಾಕ್‌ನಲ್ಲೇ ಇಟ್ಟಿರುತ್ತಾರೆ. ಬದಲಾವಣೆ ಮಾಡುವಾಗ ಹೆಡ್ಡನ್ನೇ ತೆಗೆದುಹಾಕಿದರೆ ಅದರೊಂದಿಗೆ ಬೈಪಾಸ್ ಕೂಡ ಹೋಯಿತು ಎಂದರ್ಥ. ಆಗ ಹೊಸ ಅಡಾಪ್ಟರ್‌ನಲ್ಲಾದರೂ ಹೊಸ ಫಿಲ್ಟರ್‌ನಲ್ಲಾದರೂ ಅದು ಇರಲೇಬೇಕು. ಎಲ್ಲ ಸ್ಪಿನ್-ಆನ್ ಫಿಲ್ಟರ್‌ಗಳಲ್ಲೂ ಬೈಪಾಸ್ ಇರುವುದಿಲ್ಲ ಎನ್ನುವುದನ್ನು ಮರೆಯಬೇಡಿ. ಬ್ಲಾಕ್‌ನಲ್ಲೇ ಬೈಪಾಸ್ ಇರುವ ಎಂಜಿನ್‌ಗಾಗಿ ತಯಾರಾದ ಫಿಲ್ಟರ್, ಹೊರಗಿನಿಂದ ನೋಡಲು ಬೇರೆ ಫಿಲ್ಟರ್‌ನಂತೆಯೇ ಇದ್ದರೂ, ಒಳಗೆ ಆ ವಾಲ್ವ್ ಇಲ್ಲದೆ ಬರುತ್ತದೆ. ತಯಾರಕರ ಕ್ಯಾಟಲಾಗ್‌ನಲ್ಲಿ ಇದನ್ನು ಬರೆದಿರುತ್ತಾರೆ. ಥ್ರೆಡ್ ನೋಡುವ ಮೊದಲೇ ಆ ಸಾಲನ್ನು ಓದಿ.

ಮೂರನೆಯ ಕೆಲಸ, ಎಂಜಿನ್ ನಿಂತಾಗ ಆಯಿಲನ್ನು ಹಿಡಿದಿಡುವುದು. ಫಿಲ್ಟರ್ ಬಾಯಿ ಮೇಲಾಗಿ ನೇತಾಡುತ್ತಿದ್ದರೆ ಇದು ದೊಡ್ಡ ವಿಷಯವಲ್ಲ. ಆಯಿಲ್ ಅದರೊಳಗೇ ಉಳಿಯುತ್ತದೆ. ಆದರೆ ಅಡ್ಡಲಾಗಿ ಅಥವಾ ತಲೆಕೆಳಗಾಗಿ ಕೂತ ಫಿಲ್ಟರ್ ರಾತ್ರಿಯಿಡೀ ನಿಧಾನವಾಗಿ ಸಂಪ್‌ಗೆ ಬಸಿದುಹೋಗುತ್ತದೆ. ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಪಂಪ್ ಮೊದಲು ಖಾಲಿ ಫಿಲ್ಟರ್ ತುಂಬಿಸಬೇಕು, ಆಮೇಲಷ್ಟೇ ಬೇರಿಂಗ್‌ಗೆ ಆಯಿಲ್. ಆ ಕೆಲವು ಸೆಕೆಂಡು ಎಂಜಿನ್‌ನ ಅಡಿಯಿಂದ ಕಟಕಟ ಸದ್ದು ಬರುತ್ತದೆ, ಪ್ರೆಷರ್ ದೀಪ ಆರುವುದಿಲ್ಲ. ಬಹಳಷ್ಟು ಸ್ಪಿನ್-ಆನ್ ಫಿಲ್ಟರ್‌ಗಳಲ್ಲಿ ಇದಕ್ಕಾಗಿ ಆ್ಯಂಟಿ-ಡ್ರೈನ್ ವಾಲ್ವ್ ಇರುತ್ತದೆ. ಅದು ಒಳಬರುವ ತೂತುಗಳನ್ನು ಮುಚ್ಚುವ ರಬ್ಬರ್ ಬಿಲ್ಲೆ. ಪಂಪ್ ತಳ್ಳಿದಾಗ ಬಾಗಿ ದಾರಿ ಬಿಡುತ್ತದೆ, ಆಯಿಲ್ ಹಿಂದಕ್ಕೆ ಬರಲು ನೋಡಿದರೆ ಮುಚ್ಚಿಕೊಳ್ಳುತ್ತದೆ. ನನ್ನ ಮಟ್ಟಿಗೆ, ತಲೆಕೆಳಗಾದ ಬೌಲ್ ಇರುವ ಎಂಜಿನ್‌ಗಳಲ್ಲಿ ಸ್ಪಿನ್-ಆನ್‌ಗೆ ಬದಲಾಯಿಸಲು ಇರುವ ಅತ್ಯಂತ ಗಟ್ಟಿ ಕಾರಣ ಇದೇ. ಕೈಗೆ ಆಯಿಲ್ ಅಂಟದಿರುವುದು ಅದರ ಮುಂದೆ ಏನೂ ಅಲ್ಲ. ಈ ಬಿಲ್ಲೆ ಸಾದಾ ನೈಟ್ರೈಲ್ ರಬ್ಬರ್‌ನದಾಗಿರಬಹುದು ಅಥವಾ ಸಿಲಿಕೋನ್‌ನದು. ಬಿಸಿಗೆ ಸಿಲಿಕೋನ್ ಮೆತ್ತಗೇ ಉಳಿಯುತ್ತದೆ, ನೈಟ್ರೈಲ್ ಕಾಲಕ್ರಮೇಣ ಗಟ್ಟಿಯಾಗುತ್ತದೆ. ಫಿಲ್ಟರ್ ಅಡ್ಡ ಅಥವಾ ತಲೆಕೆಳಗಾಗಿ ಕೂರುವುದಾದರೆ ಸ್ವಲ್ಪ ಜಾಸ್ತಿ ಕೊಟ್ಟು ಸಿಲಿಕೋನ್‌ನದನ್ನೇ ತೆಗೆದುಕೊಳ್ಳಿ.

ಫುಲ್-ಫ್ಲೋ ಅಲ್ಲದ ಎಂಜಿನ್‌ಗಳು

ಇಷ್ಟು ಹೊತ್ತು ಹೇಳಿದ್ದು ಫುಲ್-ಫ್ಲೋ ಎಂಜಿನ್‌ಗಳ ಕಥೆ. ಅಂದರೆ ಪಂಪ್‌ನಿಂದ ಬೇರಿಂಗ್‌ಗೆ ಹೋಗುವ ಆಯಿಲ್ ಅಷ್ಟೂ ಫಿಲ್ಟರ್ ದಾಟಿಯೇ ಹೋಗುವಂಥವು. ಮೊದಲಿನಿಂದಲೂ ಹೀಗಿರಲಿಲ್ಲ. ಫೋರ್ಡ್ ಮಾಡೆಲ್ ಟಿಯಲ್ಲಿ ಫಿಲ್ಟರ್ ಹೋಗಲಿ, ಆಯಿಲ್ ಪಂಪ್ ಕೂಡ ಇರಲಿಲ್ಲ. ಅರ್ನೆಸ್ಟ್ ಸ್ವೀಟ್‌ಲ್ಯಾಂಡ್ ಮತ್ತು ಜಾರ್ಜ್ ಗ್ರೀನ್‌ಹಾಲ್ಗ್ ಪ್ಯೂರೊಲೇಟರ್ ಹೆಸರಿನ ಕಾರ್ ಆಯಿಲ್ ಫಿಲ್ಟರ್‌ಗೆ ಪೇಟೆಂಟ್ ಪಡೆದದ್ದು 1923ರಲ್ಲಿ. ನಂತರ ಹಲವು ದಶಕ ಹೆಚ್ಚಿನ ಕಾರುಗಳಲ್ಲಿದ್ದದ್ದು ಬೈಪಾಸ್ ಮಾದರಿಯ ಫಿಲ್ಟರ್ (ಮೇಲೆ ಹೇಳಿದ ಬೈಪಾಸ್ ವಾಲ್ವ್ ಬೇರೆ, ಇದು ಬೇರೆ). ಪಂಪ್ ಮಾಡಿದ ಆಯಿಲ್‌ನ ಹತ್ತರಲ್ಲಿ ಒಂದು ಭಾಗದಷ್ಟು ಮಾತ್ರ ಒಂದು ಸಣ್ಣ ಪೈಪಿನಲ್ಲಿ ಫಿಲ್ಟರ್‌ಗೆ ಹೋಗಿ, ಸೋಸಿಕೊಂಡು, ಸಂಪ್‌ಗೆ ವಾಪಸ್ ಬರುತ್ತಿತ್ತು. ಉಳಿದದ್ದು ಸೋಸದೆಯೇ ಬೇರಿಂಗ್‌ಗೆ. ಎರಡನೆಯ ಮಹಾಯುದ್ಧದ ನಂತರ ಫುಲ್-ಫ್ಲೋ ಸಾಮಾನ್ಯವಾಯಿತು. ತಿರುಗಿಸಿ ಹಾಕುವ ಸ್ಪಿನ್-ಆನ್ ಡಬ್ಬಿ ಮಾರುಕಟ್ಟೆಗೆ ಬಂದದ್ದು 1950ರ ದಶಕದ ಮಧ್ಯದಲ್ಲಿ.

ನಿಮ್ಮದು ಯಾವ ಮಾದರಿ ಎಂದು ತಿಳಿಯುವುದು ಕಷ್ಟವಲ್ಲ. ಫಿಲ್ಟರ್ ಹೆಡ್ ಅಗಲವಾದ ಮುಖದೊಂದಿಗೆ ನೇರವಾಗಿ ಬ್ಲಾಕ್‌ಗೆ ಬೋಲ್ಟ್ ಆಗಿದ್ದರೆ ಬಹುಮಟ್ಟಿಗೆ ಅದು ಫುಲ್-ಫ್ಲೋ. ಡಬ್ಬಿ ದೂರದಲ್ಲೆಲ್ಲೋ ಬ್ರಾಕೆಟ್ ಮೇಲಿದ್ದು, ಪೆನ್ಸಿಲ್ ದಪ್ಪದ ಎರಡು ಪೈಪುಗಳು ಅದಕ್ಕೆ ಹೋಗಿ, ಒಂದು ಸಂಪ್ ಅಥವಾ ಟೈಮಿಂಗ್ ಕವರ್ ಕಡೆ ಇಳಿದಿದ್ದರೆ ಬೈಪಾಸ್. ಅನುಮಾನವಿದ್ದರೆ ವರ್ಕ್‌ಶಾಪ್ ಮ್ಯಾನುಯಲ್‌ನ ಆಯಿಲ್ ಸರ್ಕ್ಯೂಟ್ ಚಿತ್ರ ನೋಡಿ. ಅದರಲ್ಲಿ ಖಂಡಿತ ಗೊತ್ತಾಗುತ್ತದೆ.

ಬೈಪಾಸ್ ಮಾದರಿಯ ಎಂಜಿನ್‌ನಲ್ಲಿ ಒಂದು ಗುಂಡಿ ಕಾದಿದೆ. ಅಲ್ಲಿನ ಮೂಲ ಎಲಿಮೆಂಟ್ ತುಂಬಾ ದಟ್ಟವಾದದ್ದು. ಜೊತೆಗೆ ಪೈಪ್ ಕೂಡುವ ಕಡೆ ಅಥವಾ ಡಬ್ಬಿಯೊಳಗೆ ಒಂದೆರಡು ಮಿಲಿಮೀಟರ್‌ನ ಕಿರಿದಾದ ತೂತು ಇರುತ್ತದೆ. ಆ ತೂತೇ ಆಯಿಲ್ ಜಾಸ್ತಿ ಸೋರಿಹೋಗದಂತೆ ತಡೆಯುವುದು. ಅದನ್ನು ಗಮನಿಸದೆ ಹಳೆಯ ಡಬ್ಬಿ ಕಿತ್ತು ಸಾಮಾನ್ಯ ಫುಲ್-ಫ್ಲೋ ಸ್ಪಿನ್-ಆನ್ ಹಾಕಿದರೆ, ಆಯಿಲ್ ಸಲೀಸಾಗಿ ಅದರೊಳಗೆ ಹರಿದು ಸಂಪ್‌ಗೆ ಹೋಗುತ್ತದೆ. ಬೇರಿಂಗ್‌ಗೆ ಒತ್ತಡ ಕುಸಿಯುತ್ತದೆ. ಎಂಜಿನ್ ಬಿಸಿಯಾಗಿ ಐಡಲ್‌ನಲ್ಲಿರುವಾಗ ಇದು ಇನ್ನೂ ಕೆಟ್ಟದಾಗಿರುತ್ತದೆ. ಹಾಗಾಗಿ ಆ ಕಿರಿದಾದ ತೂತು ಉಳಿದಿದೆಯೇ ನೋಡಿಕೊಳ್ಳಿ, ಇಲ್ಲದಿದ್ದರೆ ಪೈಪಿನಲ್ಲಿ ಮತ್ತೆ ಕೂರಿಸಿ. ಇಷ್ಟಾದರೂ ನೀವು ಮಾಡಿದ್ದು ಫಿಲ್ಟರ್ ಬದಲಾವಣೆಯೇ ಹೊರತು ಫುಲ್-ಫ್ಲೋ ಬದಲಾವಣೆಯಲ್ಲ. ನಿಜವಾದ ಫುಲ್-ಫ್ಲೋ ಬೇಕೆಂದರೆ ಬ್ಲಾಕ್‌ನ ಮುಖ್ಯ ಗ್ಯಾಲರಿಯ ದಾರಿಯನ್ನೇ ತಿರುಗಿಸಬೇಕು. ಅದು ಎಂಜಿನ್ ಬಿಚ್ಚಿ ಮಾಡುವ ಮಷೀನ್ ಕೆಲಸ.

ಏರ್‌ಕೂಲ್ಡ್ ಫೋಕ್ಸ್‌ವ್ಯಾಗನ್ ಬೀಟಲ್ ಇದಕ್ಕೆ ಒಳ್ಳೆಯ ಉದಾಹರಣೆ. ಅದರಲ್ಲಿ ಕಾರ್ಖಾನೆಯಿಂದ ಬಂದದ್ದು ಬರೀ ತಂತಿಯ ಜಾಲರಿ, ಕಾಗದದ ಫಿಲ್ಟರ್ ಇಲ್ಲವೇ ಇಲ್ಲ. ಆದ್ದರಿಂದಲೇ ಅದಕ್ಕೆ 5,000 ಕಿ.ಮೀ.ಗೆ ಒಮ್ಮೆ ಆಯಿಲ್ ಬದಲಾವಣೆ. ಅದಕ್ಕೆ ಫುಲ್-ಫ್ಲೋ ಫಿಲ್ಟರ್ ಹಾಕುವವರು ಪಂಪ್ ಕವರ್‌ನಿಂದ ಆಯಿಲನ್ನು ಹೊರಗೆ ತಂದು, ಹೋಸ್ ಮೂಲಕ ಫಿಲ್ಟರ್‌ಗೆ ಕಳಿಸಿ, ಕ್ರ್ಯಾಂಕ್‌ಕೇಸ್‌ನ ಗ್ಯಾಲರಿಗೆ ತೂತು ಕೊರೆದು ಥ್ರೆಡ್ ಹಾಕಿ ಅಲ್ಲಿಂದ ಒಳಬಿಡುತ್ತಾರೆ. ಕೊರೆದ ಲೋಹದ ಪುಡಿ ಒಂದಿಷ್ಟೂ ಗ್ಯಾಲರಿಯಲ್ಲಿ ಉಳಿಯಬಾರದು. ಕೇಸ್ ಬಿಚ್ಚಿದಾಗ ಮಾತ್ರ ಇದನ್ನು ನೆಮ್ಮದಿಯಿಂದ ಮಾಡಬಹುದು.

ಅಡಾಪ್ಟರ್, ಆಯಿಲ್ ಹೋಗುವ ದಿಕ್ಕು, ಥ್ರೆಡ್

ಫುಲ್-ಫ್ಲೋ ಎಂಜಿನ್‌ಗೆ ಮರಳೋಣ. ಇಲ್ಲಿ ಅಡಾಪ್ಟರ್ ಹಲವು ಬಗೆ. ಹಳೆಯ ಹೆಡ್ಡನ್ನು ಪೂರ್ತಿ ತೆಗೆದು ಅದೇ ಬೋಲ್ಟ್ ತೂತುಗಳಿಗೆ ಕೂರುವ ಹೊಸ ಎರಕದ ಹೆಡ್ ಒಂದು ಬಗೆ. ಮಿನಿ ಮತ್ತು ಮಾರಿಸ್ ಮೈನರ್‌ನ ಎ-ಸೀರೀಸ್ ಎಂಜಿನ್‌ಗೆ ಇದು ತುಂಬಾ ಹೊಂದುತ್ತದೆ, ಏಕೆಂದರೆ ಮುಂದೆ ಕಾರ್ಖಾನೆಯೇ ಇದೇ ಎಂಜಿನ್‌ಗೆ ಸ್ಪಿನ್-ಆನ್ ಹೆಡ್ ಕೊಟ್ಟಿತು. ನಿಮ್ಮ ಎಂಜಿನ್ ಕುಟುಂಬದ ನಂತರದ ಮಾದರಿಯಲ್ಲಿ ಇಂಥ ಹೆಡ್ ಇದ್ದರೆ ಅದನ್ನೇ ಹುಡುಕಿ. ಬೇರೆ ಯಾವ ಅಡಾಪ್ಟರ್‌ಗಿಂತ ಅದು ಮೇಲು. ಇನ್ನೊಂದು ಬಗೆಯಲ್ಲಿ ಹಳೆಯ ಹೆಡ್ ಹಾಗೇ ಉಳಿಯುತ್ತದೆ. ಬೌಲಿನ ಬಾಯಿ ಕೂರುತ್ತಿದ್ದ ತೋಡಿಗೆ ಒಂದು ಅಲ್ಯೂಮಿನಿಯಂ ತಟ್ಟೆ ಕೂರುತ್ತದೆ, ನಡುವಿನ ಬೋಲ್ಟ್ ಜಾಗಕ್ಕೆ ಟೊಳ್ಳಾದ ಬೋಲ್ಟ್ ಬರುತ್ತದೆ. ಹೆಡ್‌ನಲ್ಲಿರುವ ಬೈಪಾಸ್ ವಾಲ್ವ್ ಉಳಿಯುತ್ತದೆ ಎನ್ನುವುದು ಇದರ ಲಾಭ. ತೋಡಿನಲ್ಲಿ ರಬ್ಬರ್ ರಿಂಗ್ ಈಗಲೂ ಬೇಕು, ಆದರೆ ಒಮ್ಮೆ ಕೂರಿಸಿದರೆ ಪ್ರತಿ ಸಲ ಬಿಚ್ಚಬೇಕಾಗಿಲ್ಲ. ಜಾಗವೇ ಇಲ್ಲದ ಕಡೆ ಫಿಲ್ಟರನ್ನು ಹೋಸ್ ಮೂಲಕ ದೂರ ಇಡುವ ಪದ್ಧತಿಯೂ ಇದೆ. ಅಗತ್ಯವಿಲ್ಲದಿದ್ದರೆ ಅದರ ಗೋಜಿಗೆ ಹೋಗದಿರುವುದೇ ಒಳ್ಳೆಯದು. ಪ್ರತಿ ಹೋಸ್, ಪ್ರತಿ ಕೂಡುವ ಜಾಗವೂ ಸೋರಲು ಇನ್ನೊಂದು ಅವಕಾಶ, ಮತ್ತು ಒಂದು ಹೋಸ್ ಕಿತ್ತುಬಂದರೆ ಎಂಜಿನ್‌ನ ಆಯಿಲ್ ಖಾಲಿಯಾಗಲು ಬಹಳ ಹೊತ್ತು ಬೇಕಿಲ್ಲ.

ಹೋಸ್ ಹಾಕುವವರು ತಪ್ಪದೆ ನೋಡಬೇಕಾದದ್ದು ದಿಕ್ಕು. ಸ್ಪಿನ್-ಆನ್ ಫಿಲ್ಟರ್‌ಗೆ ಆಯಿಲ್ ಸುತ್ತಲಿನ ಸಣ್ಣ ತೂತುಗಳಿಂದ ಒಳಹೋಗಿ ನಡುವಿನ ದೊಡ್ಡ ತೂತಿನಿಂದ ಹೊರಬರಬೇಕು. ಎರಡು ಹೋಸ್ ಅದಲುಬದಲಾದರೆ ಆಯಿಲ್ ನಡುವಿನಿಂದ ನುಗ್ಗಿ ಆ್ಯಂಟಿ-ಡ್ರೈನ್ ಬಿಲ್ಲೆಯನ್ನು ಹಿಂದಿನಿಂದ ಒತ್ತಿ ಮುಚ್ಚಿಬಿಡುತ್ತದೆ. ಅಲ್ಲಿಗೆ ಬೇರಿಂಗ್‌ಗೆ ಆಯಿಲ್ ಹೋಗುವುದು ನಿಂತಂತೆಯೇ. ಹೊರಗಿನಿಂದ ನೋಡಿದರೆ ಎಲ್ಲ ಸರಿಯಾಗಿಯೇ ಕಾಣುತ್ತದೆ. ಗೊತ್ತಾಗುವುದು ಪ್ರೆಷರ್ ಗೇಜ್‌ನಲ್ಲಿ ಮಾತ್ರ.

ಇನ್ನು ಥ್ರೆಡ್. ಇದರ ಬಗ್ಗೆ ಸ್ವಲ್ಪ ಉದ್ದಕ್ಕೇ ಹೇಳಬೇಕು. ಬಹಳಷ್ಟು ಅಡಾಪ್ಟರ್‌ಗಳಲ್ಲಿ ಫಿಲ್ಟರ್ ಕೂರುವ ಸ್ಟಡ್ ಮುಕ್ಕಾಲು ಇಂಚಿನದು, ಇಂಚಿಗೆ 16 ಸುತ್ತು. ಈಚಿನ ಕಾರುಗಳ ಹಲವು ಫಿಲ್ಟರ್‌ಗಳದ್ದು 20 ಮಿ.ಮೀ., ಸುತ್ತಿಗೆ 1.5 ಮಿ.ಮೀ. ಮುಕ್ಕಾಲು ಇಂಚು ಎಂದರೆ 19.05 ಮಿ.ಮೀ. ವ್ಯತ್ಯಾಸ ಒಂದು ಮಿಲಿಮೀಟರ್‌ಗೂ ಕಡಿಮೆ. ಸುತ್ತಿನ ಅಳತೆಯೂ ಹತ್ತಿರ ಹತ್ತಿರ: 1.59 ಮತ್ತು 1.5. ಹಾಗಾಗಿ 20 ಮಿ.ಮೀ. ಫಿಲ್ಟರ್ ಮುಕ್ಕಾಲು ಇಂಚಿನ ಸ್ಟಡ್ ಮೇಲೆ ತಿರುಗುತ್ತದೆ, ಬಿಗಿಯೂ ಆದಂತೆ ಅನ್ನಿಸುತ್ತದೆ. ಆದರೆ ಥ್ರೆಡ್‌ಗಳು ಒಂದನ್ನೊಂದು ಹಿಡಿದಿರುವುದು ಅರ್ಧಕ್ಕಿಂತ ಕಡಿಮೆ ಆಳಕ್ಕೆ.

ಅದರ ಮೇಲೆ ಬೀಳುವ ಬಲ ಎಷ್ಟು? ಫಿಲ್ಟರ್‌ನ ಗ್ಯಾಸ್ಕೆಟ್ ಅಡ್ಡಳತೆ 65 ಮಿ.ಮೀ. ಎಂದುಕೊಳ್ಳಿ. ಅದರೊಳಗಿನ ವಿಸ್ತೀರ್ಣ ಸುಮಾರು 33 ಚದರ ಸೆಂ.ಮೀ. ಆಯಿಲ್ ಒತ್ತಡ 60 ಪಿಎಸ್‌ಐ ಇದ್ದಾಗ ಫಿಲ್ಟರನ್ನು ಸ್ಟಡ್‌ನಿಂದ ಕಿತ್ತೊಗೆಯಲು ನೋಡುವ ಬಲ ಸುಮಾರು 140 ಕೆ.ಜಿ. ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡಿದ ಗಳಿಗೆಯಲ್ಲಿ ಒತ್ತಡ ಇದಕ್ಕಿಂತ ಮೇಲೇರಬಹುದು. ಅರ್ಧ ಹಿಡಿದ ಥ್ರೆಡ್ ಇದನ್ನು ಎಷ್ಟು ದಿನ ತಡೆದೀತು? ಫಿಲ್ಟರ್ ಕಳಚಿದರೆ ಆಯಿಲ್ ಅಷ್ಟೂ ರಸ್ತೆಗೆ. ಇನ್ನೊಂದು ಕಡೆಯಿಂದ, ಮುಕ್ಕಾಲು ಇಂಚಿನ ಫಿಲ್ಟರ್ 20 ಮಿ.ಮೀ. ಸ್ಟಡ್‌ಗೆ ಹತ್ತುವುದೇ ಇಲ್ಲ, ಆ ತಪ್ಪು ತಾನೇ ಗೊತ್ತಾಗುತ್ತದೆ. ಗೊತ್ತಾಗದೇ ಕೂರುವ ಮೊದಲ ತಪ್ಪೇ ಭಯಂಕರ. ಅಡಾಪ್ಟರ್ ಕೊಂಡಾಗಲೇ ಸ್ಟಡ್ ಅಳತೆ ಕೇಳಿ, ಕ್ಯಾಲಿಪರ್ ಮತ್ತು ಥ್ರೆಡ್ ಗೇಜ್ ಹಿಡಿದು ನೀವೂ ಅಳೆಯಿರಿ. ಫಿಲ್ಟರ್ ಗ್ಯಾಸ್ಕೆಟ್ ತಾಗುವ ಮೊದಲು ಕನಿಷ್ಠ ನಾಲ್ಕೈದು ಸುತ್ತು ಥ್ರೆಡ್ ಹಿಡಿದಿರಬೇಕು.

ಗ್ಯಾಸ್ಕೆಟ್ ಪೂರ್ತಿಯಾಗಿ ಅಡಾಪ್ಟರ್‌ನ ಸಪಾಟು ಮುಖದ ಮೇಲೆ ಕೂರುತ್ತದೆಯೇ, ಅಂಚಿನಿಂದ ಹೊರಗೆ ಚಾಚುತ್ತದೆಯೇ ಎನ್ನುವುದನ್ನೂ ನೋಡಿ. ಫಿಲ್ಟರ್‌ನ ಉದ್ದಕ್ಕೆ ಜಾಗ ಇದೆಯೇ ಎಂದು ನೋಡುವಾಗ ಸ್ಟೀರಿಂಗ್ ಪೂರ್ತಿ ಎರಡೂ ಕಡೆ ತಿರುಗಿಸಿ, ಎಂಜಿನ್ ತನ್ನ ರಬ್ಬರ್ ಮೌಂಟ್‌ಗಳ ಮೇಲೆ ಅಲುಗಾಡುತ್ತದೆ ಎನ್ನುವುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ಎಕ್ಸಾಸ್ಟ್ ಮ್ಯಾನಿಫೋಲ್ಡ್ ಪಕ್ಕ ಬಂದರೆ ಬಿಸಿತಡೆ ತಗಡು ಬೇಕು.

ಕೂರಿಸುವ ದಿನ

ಹಳೆಯ ಹೆಡ್ ಅಥವಾ ತೋಡನ್ನು ಚೆನ್ನಾಗಿ ಒರೆಸಿ, ಹಳೆಯ ಗ್ಯಾಸ್ಕೆಟ್‌ನ ಚೂರು ಒಂದೂ ಉಳಿಯದಂತೆ ತೆಗೆಯಿರಿ. ಲೋಹ ಕೆರೆಯುವಾಗ ಆಯಿಲ್ ತೂತುಗಳಿಗೆ ಬಟ್ಟೆ ತುಂಬಿ. ಆಮೇಲೆ ಆ ಬಟ್ಟೆ ತೆಗೆಯುವುದನ್ನು ಮರೆಯಬೇಡಿ. ಗ್ಯಾಸ್ಕೆಟ್ ಜೊತೆಗೆ ಸಿಲಿಕೋನ್ ಸೀಲಂಟ್ ಬಳಿಯುವ ಅಭ್ಯಾಸ ಇಲ್ಲಿ ಬೇಡ. ಒಳಗೆ ಹಿಂಡಿಬಂದ ಸೀಲಂಟ್ ಒಣಗಿ ಕಳಚಿ ಗ್ಯಾಲರಿಗೆ ಹೋಗಿ ಕೂರಬಹುದು, ಫಿಲ್ಟರ್ ದಾಟಿದ ಬದಿಯಲ್ಲಿ ಅದನ್ನು ಹಿಡಿಯಲು ಏನೂ ಇಲ್ಲ.

ಹೊಸ ಫಿಲ್ಟರ್‌ನ ಗ್ಯಾಸ್ಕೆಟ್‌ಗೆ ಬೆರಳಿನಿಂದ ಆಯಿಲ್ ಸವರಿ. ಫಿಲ್ಟರ್ ನೇತಾಡುವ ಬಗೆಯದಾದರೆ ಮುಕ್ಕಾಲು ಭಾಗ ಆಯಿಲ್ ತುಂಬಿಸಿ ಹಾಕಿ. ಗ್ಯಾಸ್ಕೆಟ್ ಮುಟ್ಟಿದ ಮೇಲೆ ಕೈಯಲ್ಲಿ ಮುಕ್ಕಾಲು ಸುತ್ತು ಬಿಗಿಮಾಡಿದರೆ ಸಾಮಾನ್ಯವಾಗಿ ಸಾಕು, ಫಿಲ್ಟರ್ ಮೇಲೆ ಬೇರೆ ಬರೆದಿದ್ದರೆ ಅದರಂತೆ. ಸ್ಪ್ಯಾನರ್ ಹಾಕಿ ಬಿಗಿಮಾಡಿದರೆ ಮುಂದಿನ ಸಲ ಬಿಚ್ಚುವಾಗ ಸ್ಟಡ್ಡೇ ಅಡಾಪ್ಟರ್‌ನಿಂದ ಕಳಚಿ ಬರುವುದುಂಟು.

ಸ್ಟಾರ್ಟ್ ಮಾಡುವ ಮೊದಲು ಇಗ್ನಿಷನ್ ಕಾಯಿಲ್‌ನ ಕರೆಂಟ್ ತಂತಿ ಬಿಚ್ಚಿ, ಸ್ಟಾರ್ಟರ್‌ನಿಂದ ಮಾತ್ರ ಎಂಜಿನ್ ತಿರುಗಿಸಿ. ಹತ್ತು ಸೆಕೆಂಡು ತಿರುಗಿಸಿ, ಸ್ವಲ್ಪ ಬಿಟ್ಟು ಮತ್ತೆ. ಗೇಜ್ ಮೇಲೇರುವವರೆಗೆ ಅಥವಾ ದೀಪ ಆರುವವರೆಗೆ. ಒತ್ತಡ ಬರದಿದ್ದರೆ ಎಂಜಿನ್ ಸ್ಟಾರ್ಟ್ ಮಾಡಲೇಬೇಡಿ. ದಿಕ್ಕು ತಪ್ಪಿದ್ದರೆ, ಬಟ್ಟೆ ಒಳಗೇ ಉಳಿದಿದ್ದರೆ, ಪಂಪ್ ಖಾಲಿಯಾಗಿದ್ದರೆ ಅದನ್ನು ಕಂಡುಹಿಡಿಯುವ ಸಮಯ ಇದು. ಒತ್ತಡ ಬಂದರೆ ತಂತಿ ಕೂಡಿಸಿ ಸ್ಟಾರ್ಟ್ ಮಾಡಿ, ಟಾರ್ಚ್ ಹಿಡಿದು ಸುತ್ತಲೂ ನೋಡಿ. ಎಂಜಿನ್ ಬಿಸಿಯಾದ ಮೇಲೆ ಇನ್ನೊಮ್ಮೆ ನೋಡಿ, ಮೊದಲ ಓಟದ ನಂತರ ಮತ್ತೊಮ್ಮೆ. ಆಯಿಲ್ ಎಷ್ಟು ಹಾಕಬೇಕೆಂಬ ಮ್ಯಾನುಯಲ್‌ನ ಲೆಕ್ಕ ಈಗ ಹೊಂದುವುದಿಲ್ಲ, ಏಕೆಂದರೆ ಹೊಸ ಡಬ್ಬಿಯಲ್ಲಿ ಹಿಡಿಯುವ ಆಯಿಲ್ ಬೌಲಿನಷ್ಟೇ ಇರಬೇಕೆಂದಿಲ್ಲ. ಡಿಪ್‌ಸ್ಟಿಕ್ ನೋಡಿಯೇ ತುಂಬಿಸಿ.

ಬದಲಾಯಿಸದೆಯೂ ಇರಬಹುದು

ಇಷ್ಟೆಲ್ಲ ಓದಿದ ಮೇಲೆ ಬೌಲೇ ಇರಲಿ ಅನ್ನಿಸಿದರೆ ಅದೂ ಸರಿಯೇ. ಸ್ಪಿನ್-ಆನ್ ಎಂದರೆ ಮುಂದುವರಿದದ್ದು, ಬೌಲ್ ಎಂದರೆ ಹಿಂದುಳಿದದ್ದು ಎಂದೇನಿಲ್ಲ. ಬಿಎಂಡಬ್ಲ್ಯೂ, ಮರ್ಸಿಡಿಸ್‌ನಂಥ ಕಂಪನಿಗಳ ಎಷ್ಟೋ ಹೊಸ ಎಂಜಿನ್‌ಗಳು ಮತ್ತೆ ಬದಲಾಯಿಸುವ ಕಾಗದದ ಎಲಿಮೆಂಟ್‌ಗೇ ಮರಳಿವೆ. ಪ್ರತಿ ಸಲ ಒಂದು ಲೋಹದ ಡಬ್ಬಿ ಎಸೆಯುವ ಬದಲು ಕಾಗದವನ್ನಷ್ಟೇ ಎಸೆಯಬಹುದು. ಕೊಳಕಾದ ಎಲಿಮೆಂಟ್ ಬಿಚ್ಚಿದ ಕೂಡಲೇ ಕಣ್ಣಿಗೆ ಸಿಗುತ್ತದೆ, ಅದರಲ್ಲಿ ಬೇರಿಂಗ್‌ನ ಹೊಳೆಯುವ ಪುಡಿ ಇದೆಯೇ ಎಂದು ಕಾಣುತ್ತದೆ. ಸ್ಪಿನ್-ಆನ್‌ನಲ್ಲಿ ಇದನ್ನು ನೋಡಲು ಡಬ್ಬಿ ಕತ್ತರಿಸಬೇಕು. ಅದಕ್ಕೆಂದೇ ಚಕ್ರದ ಕಟರ್ ಸಿಗುತ್ತದೆ. ಗರಗಸ ಬಳಸಿದರೆ ಗರಗಸದ ಪುಡಿಯೇ ಒಳಗೆ ಬಿದ್ದು ಬೇರಿಂಗ್ ಪುಡಿ ಯಾವುದು ಎಂದು ಗೊತ್ತಾಗುವುದಿಲ್ಲ. ನೇತಾಡುವ ಬೌಲ್ ಇದ್ದು, ಸ್ಪ್ರಿಂಗ್, ವಾಷರ್ ಎಲ್ಲ ಸರಿಯಾಗಿದ್ದು, ಎಲಿಮೆಂಟ್ ಸುಲಭವಾಗಿ ಸಿಗುತ್ತಿದ್ದರೆ ನಾನಂತೂ ಬದಲಾಯಿಸಿ ಎನ್ನುವುದಿಲ್ಲ.

ಬದಲಾಯಿಸಿದವರು ಹಳೆಯ ಬೌಲ್, ಬೋಲ್ಟ್, ಸ್ಪ್ರಿಂಗ್, ಹೆಡ್ ಎಲ್ಲವನ್ನೂ ತೊಳೆದು ಆಯಿಲ್ ಸವರಿ ಒಂದೇ ಚೀಲದಲ್ಲಿ ಕಟ್ಟಿಡಿ, ಕಾರಿನ ಮೂಲ ಸ್ಥಿತಿಗೆ ಬೆಲೆ ಕೊಡುವ ಮುಂದಿನ ಮಾಲೀಕರಿಗೆ ಅದು ಬೇಕಾಗುತ್ತದೆ. ಅಡಾಪ್ಟರ್‌ನ ಥ್ರೆಡ್ ಅಳತೆ, ಹೊಂದುವ ಫಿಲ್ಟರ್‌ನ ನಂಬರ್, ಬೈಪಾಸ್ ವಾಲ್ವ್ ಫಿಲ್ಟರ್‌ನಲ್ಲಿರಬೇಕೇ ಬೇಡವೇ ಎನ್ನುವುದನ್ನು ಒಂದು ತಗಡಿನ ಪಟ್ಟಿಯ ಮೇಲೆ ಕೊರೆದು ಬಾನೆಟ್ ಅಡಿಯಲ್ಲಿ ಫಿಲ್ಟರ್ ಹತ್ತಿರವೇ ಅಂಟಿಸಿ. ಬೇರೆ ಮೆಕ್ಯಾನಿಕ್ ಕೈಗೆ ಕಾರು ಹೋದಾಗ ಕ್ಯಾಟಲಾಗ್‌ನಲ್ಲಿ ಆ ಕಾರಿನ ಹೆಸರಿನ ಮುಂದೆ ಸಿಗುವುದು ಬೌಲಿನ ಎಲಿಮೆಂಟ್ ಮಾತ್ರ. ಅಲ್ಲಿ ಕೂತಿರುವ ಡಬ್ಬಿಯ ಬಗ್ಗೆ ಅವರಿಗೆ ಹೇಳುವುದು ಆ ಪಟ್ಟಿಯೊಂದೇ.